ಬಾಯಿಗೆ ಬರುವ ಅರಬ್ಬಿ: ಮಾತು ಉಳಿಯುವುದು ಹೇಗೆ?

ಈ ಸಂಚಿಕೆಯಲ್ಲಿ ನೆನಪಿನ ವಿಜ್ಞಾನವನ್ನು ಅರಬ್ಬಿ ಮಾತಿನ ಮೂಲಕ ನೋಡೋಣ.

ನಾವಿರೋದು ಸೌದಿ ಅರೇಬಿಯಾದ ನೈಋತ್ಯದಲ್ಲಿ, ಅಸೀರ್ ಪ್ರಾಂತ್ಯದ ಅಭಾ ಊರಲ್ಲಿ. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. ಮರಳುಗಾಡು ಅಂದುಕೊಂಡು ಬಂದವರಿಗೆ ಇಲ್ಲಿ ಮಂಜು, ಮಳೆ ಸಿಗುತ್ತೆ. ವರ್ಷಗಟ್ಟಲೆ ಇದ್ದರೂ ಅರಬ್ಬಿ ಬಾರದ ಭಾರತೀಯರೂ ಸಿಗ್ತಾರೆ. ಕೆಲಸದಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಉರ್ದು ಇಲ್ಲವೇ ಮಲಯಾಳಂ, ಮನೆಯಲ್ಲಿ ಕನ್ನಡ, ದಿನ ಸಾಗಿಹೋಗುತ್ತೆ. ಆದರೆ ನಡುರಾತ್ರಿ ಮಗಳಿಗೆ ಜ್ವರ ಏರಿ, ಎದುರಿಗಿರುವ ನರ್ಸ್‌ಗೆ ಅರಬ್ಬಿ ಮಾತ್ರ ಬರುತ್ತೆ ಅಂದರೆ? "ಇಂದಹಾ ಹರಾರಾ ಮಿನ್ ಅಮ್ಸ್", ಅಂದರೆ "ಅವಳಿಗೆ ನಿನ್ನೆಯಿಂದ ಜ್ವರ", ಅನ್ನುವಷ್ಟು ಮಾತು ಆಗ ನಾಲಿಗೆ ಮೇಲೆ ಇರಬೇಕು.

ಕಲಿತದ್ದು ಎಲ್ಲಿಗೆ ಹೋಗುತ್ತೆ? ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಬಾರಿಕ್ 1984ರಲ್ಲಿ, ಶಾಲೆ-ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತಿದ್ದ 700ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟಿಸಿದರು. ಮರೆವಿನ ದೊಡ್ಡ ಪಾಲು ಮೊದಲ ಮೂರರಿಂದ ಆರು ವರ್ಷಗಳಲ್ಲೇ ಆಗಿತ್ತು. ಆಮೇಲೆ ಉಳಿದದ್ದು ದಶಕಗಳ ಕಾಲ ಹೆಚ್ಚು ಸವೆಯಲಿಲ್ಲ. ಚೆನ್ನಾಗಿ ಕಲಿತವರಲ್ಲಿ ಉಳಿದದ್ದೂ ಹೆಚ್ಚು. ಅಂದರೆ ಆರಂಭದ ವರ್ಷಗಳ ಬಳಕೆಗೆ ಬೆಲೆ ಇದೆ.

ಇನ್ನೊಂದು ವಿಷಯ. ಕೇಳಿದಾಗ ಗುರುತು ಹಿಡಿಯೋದು ಬೇರೆ, ಬೇಕಾದಾಗ ನೆನಪಿನಿಂದ ಎಳೆದು ತೆಗೆಯೋದು ಬೇರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಐದು ನಿಮಿಷದ ನಂತರ ಕೇಳಿದರೆ, ಪಾಠ ಮತ್ತೆ ಮತ್ತೆ ಓದಿದವರದೇ ಮೇಲುಗೈ. ವಾರದ ನಂತರ ಕೇಳಿದರೆ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದೆ. ದಿನನಿತ್ಯದ ಸಂಭಾಷಣೆ ಮಾಡಿಸೋದೂ ಇದನ್ನೇ: ಪುಸ್ತಕ ನೋಡೋಕೆ ಸಮಯವೇ ಕೊಡಲ್ಲ!

ಸರಿ, ಯಾವ ಅರಬ್ಬಿ? ಬರೆಯುವ ಅರಬ್ಬಿಗೂ ಆಡುವ ಅರಬ್ಬಿಗೂ ದೂರ ಜಾಸ್ತಿ. ಚಾರ್ಲ್ಸ್ ಫರ್ಗುಸನ್ 1959ರಲ್ಲಿ ಇಂಥ ಸ್ಥಿತಿಗೆ ಡೈಗ್ಲಾಸಿಯಾ ಅಂದರು. ಮದರಸಾದಲ್ಲಿ ಲಿಪಿ ಕಲಿತು ಸರಾಗ ಓದುವವರೂ ಸಂತೆಯಲ್ಲಿ ತಡವರಿಸೋದು ಅದಕ್ಕೇ. ಅಸೀರ್‌ನಲ್ಲಿ ಗಂಡಸಿಗೆ "ಕೇಫ್ ಹಾಲಕ್", ಹೆಂಗಸಿಗೆ "ಕೇಫ್ ಹಾಲಿಶ್". ಕನ್ನಡದಲ್ಲಿ "ನೀನು ಬಂದೆ" ಅನ್ನೋವಾಗ ಗಂಡು-ಹೆಣ್ಣಿನ ಭೇದ ಇಲ್ಲ, "ಬಂದನು, ಬಂದಳು" ಅನ್ನುವಲ್ಲಿ ಮಾತ್ರ. ಹಾಗಾಗಿ ಎದುರಿಗಿರುವವರನ್ನು ನೋಡಿ ಪದ ಬದಲಿಸೋದು ನಮಗೆ ಹೊಸ ಅಭ್ಯಾಸ. ಇಲ್ಲಿಂದ ಘಟ್ಟ ಇಳಿದು ರಿಜಾಲ್ ಅಲ್ಮಾ ಕಡೆ ಹೋದರೆ "ಅಲ್" ಬದಲು "ಅಮ್" ಕೇಳಿಸುತ್ತೆ: ಅಲ್-ಬೈತ್ ಅಲ್ಲ, ಅಮ್-ಬೈತ್.

ಒಂದು ತೊಡಕಿದೆ. ವಲಸಿಗರ ನಡುವೆ ಬೆಳೆದ ಗಲ್ಫ್ ಪಿಜಿನ್ ಅರಬ್ಬಿಯಲ್ಲಿ "ಗೊತ್ತಿಲ್ಲ" ಅನ್ನೋಕೆ "ಮಾಫಿ ಮಾಲೂಮ್" ಅಂತಾರೆ. ಸ್ಥಳೀಯರು "ಮಾ ಅದ್ರಿ" ಅಂತಾರೆ, ಆದರೆ ನಮ್ಮ ಜೊತೆ ಅವರೂ ಎಷ್ಟೋ ಸಲ ಪಿಜಿನ್‌ಗೇ ಇಳಿಯುತ್ತಾರೆ. ಕೆಲಸ ನಡೆಯುತ್ತೆ, ಭಾಷೆ ಅಲ್ಲೇ ನಿಂತುಬಿಡುತ್ತೆ. ಆದ್ದರಿಂದ ಅವರವರಲ್ಲೇ ಮಾತಾಡೋದನ್ನು ಕಿವಿಗೊಟ್ಟು ಕೇಳಬೇಕು.

ಅಭ್ಯಾಸಕ್ಕೆ ಅಭಾದ ಮಂಗಳವಾರದ ಸಂತೆ, ಸೂಕ್ ಅಲ್-ಸುಲಾಸಾ, ಒಳ್ಳೆ ಜಾಗ. ಜೇನು, ಸೊಪ್ಪು, ಬುಟ್ಟಿ ಮುಂದೆ ನಿಂತು "ಬಿಕಮ್?" ಅಂತ ಬೆಲೆ ಕೇಳಿ. ಒಂದು ಸಲಕ್ಕೆ ಮೂರು ಹೊಸ ವಾಕ್ಯ ಸಾಕು. ಅದನ್ನೇ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಬೇರೆಯವರ ಹತ್ತಿರ ಆಡಿ. ಬಿಡುವು ಕೊಟ್ಟು ನೆನಪಿಸಿಕೊಂಡದ್ದು ಹೆಚ್ಚು ಕಾಲ ನಿಲ್ಲುತ್ತೆ. ಊರಿಗೆ ವಾಪಸಾದವರು ವಾರಕ್ಕೊಮ್ಮೆ ಹಳೆಯ ನೆರೆಯವರಿಗೆ ಫೋನ್ ಮಾಡಿದರೂ ಆಗುತ್ತೆ.

ಬಂಡವಾಳ ಪೂರ್ತಿ ಸೊನ್ನೆಯೂ ಅಲ್ಲ. ವಕೀಲ, ತಾರೀಖು, ಖಾಲಿ, ಅಸಲು, ಬಾಕಿ ಎಲ್ಲ ಅರಬ್ಬಿ ಮೂಲದವೇ. ಅಂಗಡಿಯಲ್ಲಿ ಚಿಲ್ಲರೆ ವಾಪಸ್ ಕೇಳುವಾಗ "ಅಲ್-ಬಾಕಿ" ಅಂದು ನೋಡಿ, ಅರ್ಥವಾಗುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಮಾಅಸ್ಸಲಾಮಾ!