ತಂತ್ರಾಂಶದ ಬಿಡಿಭಾಗಗಳು: ಆವೃತ್ತಿಗಳ ಹೊಂದಾಣಿಕೆ ಅಗತ್ಯ

ಬೋಲ್ಟ್ ಮತ್ತು ನಟ್ ಒಂದೇ ದಪ್ಪದವಾಗಿದ್ದರೂ ಥ್ರೆಡ್ ಬೇರೆಯಾದರೆ ಕೂಡುವುದಿಲ್ಲವೆಂಬುದು ಹರಿಹರದ ಲೇತ್ ಕೆಲಸಗಾರರೆಲ್ಲರಿಗೂ ತಿಳಿದ ವಿಷಯ. ಲೆಕ್ಕಪತ್ರದ ತಂತ್ರಾಂಶಕ್ಕೂ ಇದೇ ಮಾತು ಅನ್ವಯಿಸುತ್ತದೆ.

ತಂತ್ರಾಂಶವು ಒಂದೇ ತುಂಡಿನ ವಸ್ತುವಲ್ಲ. ಆವರಗೆರೆಯ ಒಬ್ಬ ವರ್ತಕರ ಗಣಕಯಂತ್ರವನ್ನು ಉದಾಹರಣೆಯಾಗಿ ಭಾವಿಸೋಣ. ತಳದಲ್ಲಿ ವಿಂಡೋಸ್, ಅದರ ಮೇಲೆ ಟ್ಯಾಲಿ, ಅದಕ್ಕೆ ಜೋಡಿಸಿದಂತೆ ಸ್ಥಳೀಯ ಪ್ರೋಗ್ರಾಮರ್ ಟಿಡಿಎಲ್ ಭಾಷೆಯಲ್ಲಿ ಬರೆದುಕೊಟ್ಟ ಬಿಲ್ಲಿನ ನಮೂನೆ. ಮೂರನ್ನೂ ತಯಾರಿಸಿದವರು ಬೇರೆ ಬೇರೆ. ಹೊಸ ಆವೃತ್ತಿ ಬರುವ ಕಾಲವೂ ಬೇರೆ. ಬಿಲ್ಲಿನ ನಮೂನೆಯು ಮೂಲ ತಂತ್ರಾಂಶದ ಒಳಭಾಗಗಳನ್ನು ಹೆಸರು ಹಿಡಿದು ಕರೆಯುತ್ತದೆ. ಹೊಸ ಆವೃತ್ತಿಯಲ್ಲಿ ಆ ಹೆಸರು ಅಥವಾ ರಚನೆ ಬದಲಾಗಿದ್ದರೆ ಕರೆಗೆ ಉತ್ತರ ದೊರೆಯದು. ತಂತ್ರಾಂಶ ನಿಂತುಹೋದರೆ ದೋಷ ಕೂಡಲೇ ತಿಳಿಯುತ್ತದೆ. ನಿಲ್ಲದೆ ಬಿಲ್ಲಿನ ಒಂದು ಕಾಲಂ ಮಾತ್ರ ಖಾಲಿ ಬಂದರೆ ಹಲವು ದಿನ ಗಮನಕ್ಕೆ ಬಾರದಿರಬಹುದು.

ಇದರ ಪರಿಣಾಮ ಅಲ್ಪವಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದ ವರ್ತಕರು ನೋಂದಾಯಿತ ಖರೀದಿದಾರರಿಗೆ ನೀಡುವ ಬಿಲ್ಲುಗಳಿಗೆ 1-8-2023ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ನಿಗದಿತ ನಮೂನೆಯ ಕಡ್ಡಾಯ ವಿವರವೊಂದು ಬಿಟ್ಟುಹೋದರೆ ಪೋರ್ಟಲ್ ನೋಂದಣಿ ಸಂಖ್ಯೆಯನ್ನು ನೀಡುವುದಿಲ್ಲ. ಆ ಸಂಖ್ಯೆಯಿಲ್ಲದ ಬಿಲ್ಲನ್ನು ಜಿಎಸ್‌ಟಿ ನಿಯಮ 48(5) ಬಿಲ್ಲೆಂದೇ ಪರಿಗಣಿಸುವುದಿಲ್ಲ. ಖರೀದಿದಾರರ ಹೂಡುವಳಿ ತೆರಿಗೆ ಜಮೆಗೂ ಇದರಿಂದ ಧಕ್ಕೆಯುಂಟಾಗುತ್ತದೆ.

ಹಳೆಯ ಲೆಕ್ಕಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. 2023ರಲ್ಲಿ ಬಂದ ಟ್ಯಾಲಿಪ್ರೈಮ್ 3.0ಕ್ಕೆ ಪರಿವರ್ತಿಸಿದ ದತ್ತಾಂಶವನ್ನು ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ತೆರೆಯಲಾಗದು. ಅಂಗಡಿಯಲ್ಲಿ ಹೊಸದು, ಲೆಕ್ಕಪರಿಶೋಧಕರಲ್ಲಿ ಹಳೆಯದು ಇದ್ದರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ. ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪುಸ್ತಕಗಳನ್ನು ಕಾಯ್ದಿಡಬೇಕೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಂ ವಿಧಿಸುತ್ತದೆ. ಕಂಪನಿಗಳಿಗೆ ಕಂಪನಿ ಕಾಯ್ದೆಯಂತೆ 8 ವರ್ಷ. ತೆರೆಯಲಾಗದ ದತ್ತಾಂಶ ಇದ್ದೂ ಇಲ್ಲದಂತೆಯೇ.

ತಂತ್ರಾಂಶ ತಯಾರಕರು ಪ್ರತಿ ಬಿಡಿಭಾಗದ ಹೆಸರಿನ ಜೊತೆಗೆ ಅದರ ಆವೃತ್ತಿ ಸಂಖ್ಯೆಯನ್ನೂ ಬರೆದಿಡುತ್ತಾರೆ. ವರ್ತಕರೂ ಇಂತಹ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದು ಸೂಕ್ತ. ಬದಲಾವಣೆಗೆ ಮುನ್ನ ಬ್ಯಾಕಪ್ ತೆಗೆದು, ಅದು ಯಾವ ಆವೃತ್ತಿಯದೆಂದು ನಮೂದಿಸಬೇಕು. ಮೊದಲು ಪ್ರತಿಯೊಂದರ ಮೇಲೆ ಪರೀಕ್ಷಿಸಿ, ಬಿಲ್ಲು ಮುದ್ರಿಸಿ ನೋಡಬೇಕು. ಒಮ್ಮೆಗೆ ಒಂದೇ ಭಾಗವನ್ನು ಬದಲಿಸಿದರೆ ದೋಷದ ಮೂಲ ಬೇಗ ಸಿಗುತ್ತದೆ. ತಿಂಗಳ ರಿಟರ್ನ್ ಸಲ್ಲಿಸುವವರು 11 ಮತ್ತು 20ನೇ ತಾರೀಖುಗಳ ಹಿಂದಿನ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು. ಪ್ರೋಗ್ರಾಮರ್‌ಗೆ ಹಣ ಸಂದಾಯ ಮಾಡುವಾಗಲೇ ಟಿಡಿಎಲ್‌ನ ಮೂಲ ಕಡತವನ್ನೂ ಕೇಳಿ ಪಡೆಯತಕ್ಕದ್ದು. ಮುಂದೆ ಅವರು ಊರು ಬಿಟ್ಟರೂ ಬೇರೊಬ್ಬರು ಅದನ್ನು ಹೊಸ ಆವೃತ್ತಿಗೆ ಹೊಂದಿಸಬಲ್ಲರು.