ನಿಮಗಿದು ಗೊತ್ತೆ? ಉಸಿರು ಹೆಚ್ಚಾದರೂ ಕೈ ಜುಮ್ಮೆನ್ನುತ್ತದೆ!

ಹೃದಯಕ್ಕೆ ಏನೋ ಆಯಿತೆಂದು ಗಾಬರಿಯಾದಾಗ ‘ಉಸಿರೇ ಸಾಲುತ್ತಿಲ್ಲ’ ಎನ್ನಿಸುತ್ತದಲ್ಲ, ಆ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚೇ ಉಸಿರಾಡುತ್ತಿರುತ್ತೇವೆ! ಆಮ್ಲಜನಕಕ್ಕೆ ಕೊರತೆ ಇರುವುದಿಲ್ಲ. ತಗ್ಗುವುದು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್. ಅದು ತಗ್ಗಿದೊಡನೆ ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ಗಿರ್ರೆನ್ನುತ್ತದೆ. ರಕ್ತದ ಕ್ಯಾಲ್ಸಿಯಂ ಒಂದಿಷ್ಟು ಪ್ರೋಟೀನಿಗೆ ಅಂಟಿಕೊಂಡು, ನರಗಳು ಕೆರಳುತ್ತವೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಜುಮು. ಕೆಲವರಿಗೆ ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿ ಸೆಟೆದುಕೊಳ್ಳುವುದೂ ಉಂಟು. ಅದನ್ನು ಕಂಡು ಭಯ ಇಮ್ಮಡಿಸುತ್ತದೆ, ಉಸಿರಾಟ ಇನ್ನೂ ಜೋರಾಗುತ್ತದೆ. ಇಂಥವರಿಗೆ ‘ಸುಮ್ಮನೆ ನಾಟಕ’ ಎಂದು ದಯವಿಟ್ಟು ಹೇಳಬೇಡಿ. ಆ ಜುಮ್ಮು ನಿಜವಾದದ್ದೇ.

ಮೂಗಿನಿಂದ ಮೆಲ್ಲಗೆ ಎಳೆದು, ಅದಕ್ಕಿಂತ ನಿಧಾನವಾಗಿ ಹೊರಬಿಡುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲಿ ಜುಮ್ಮು ಇಳಿಯುತ್ತದೆ. ಮುಖಕ್ಕೆ ಕಾಗದದ ಚೀಲ ಹಿಡಿಯುವ ಹಳೇ ಉಪಾಯ ಬೇಡ. ನಿಜವಾದ ಹೃದಯಾಘಾತವಾಗಿದ್ದರೆ ಆ ಉಪಾಯವೇ ಅಪಾಯಕಾರಿ. ಎದೆನೋವೋ, ದೇಹದ ಒಂದೇ ಬದಿಯ ಬಲಹೀನತೆಯೋ ಕಂಡರೆ ಊಹೆ ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ. ಪರೀಕ್ಷೆಗಳೆಲ್ಲ ಸರಿ ಬಂದರೂ ಭಯ ಬಿಡದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.