ಉತ್ತರ ಕೊಟ್ಟ ಸಿನಿಮಾ ಎಲ್ಲಿ ಹೋಯ್ತು?

ಪ್ರತಿ ವರ್ಷ ಆಸ್ಕರ್ ಸಮಾರಂಭ ಬಂದರೆ ನಮ್ಮ ಸುದ್ದಿಮನೆಯಲ್ಲೂ ಗಡಿಬಿಡಿ. ಯಾರು ಏನು ಉಟ್ಟರು, ಯಾರು ವೇದಿಕೆ ಮೇಲೆ ಅತ್ತರು, ಎಲ್ಲಾ ತೋರಿಸ್ತೀವಿ. ಇವತ್ತು ಅದೇ ಸಮಾರಂಭದ ಒಂದು ಮೇಜಿನ ಕಥೆಯಿಂದ ಶುರು ಮಾಡ್ತೀನಿ.

1940ರ ಫೆಬ್ರವರಿ 29. ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲ್. ಆ ರಾತ್ರಿ 'ಗಾನ್ ವಿತ್ ದಿ ವಿಂಡ್' ಚಿತ್ರದ ಪೋಷಕ ನಟಿ ಹ್ಯಾಟಿ ಮೆಕ್‌ಡೇನಿಯಲ್‌ಗೆ ಆಸ್ಕರ್ ಬಂತು. ಆ ಪ್ರಶಸ್ತಿ ಗೆದ್ದ ಮೊಟ್ಟಮೊದಲ ಕಪ್ಪುವರ್ಣೀಯ ಕಲಾವಿದೆ ಆಕೆ. ಆದರೆ ಆಕೆ ಕೂತಿದ್ದು ಚಿತ್ರತಂಡದ ಜೊತೆ ಅಲ್ಲ. ಆ ಹೋಟೆಲ್‌ನಲ್ಲಿ ಕಪ್ಪು ಜನರಿಗೆ ಪ್ರವೇಶವೇ ಇರಲಿಲ್ಲ. ನಿರ್ಮಾಪಕರು ವಿಶೇಷ ಅನುಮತಿ ಕೇಳಿ ಒಳಗೆ ಕರೆಸಿದ್ದರು. ಗೋಡೆ ಬದಿಗೆ ಬೇರೆಯದೇ ಒಂದು ಮೇಜು. ಅದಕ್ಕೂ ಎರಡೂವರೆ ತಿಂಗಳ ಮುಂಚೆ ಅಟ್ಲಾಂಟಾದಲ್ಲಿ ಅದೇ ಚಿತ್ರದ ಮೊದಲ ಪ್ರದರ್ಶನ ನಡೆದಾಗ, ಜಾರ್ಜಿಯಾ ರಾಜ್ಯದ ವರ್ಣಭೇದದಿಂದಾಗಿ ಆಕೆಗೆ ಹೋಗೋದಕ್ಕೂ ಆಗಲಿಲ್ಲ.

ಪಾತ್ರ ಯಾವುದು ಗೊತ್ತಾ? ಬಿಳಿಯರ ಮನೆಯ ದಾದಿ. ಪಾತ್ರಕ್ಕೆ ಸ್ವಂತದ್ದೊಂದು ಹೆಸರೂ ಇಲ್ಲ, ಬರೀ 'ಮ್ಯಾಮಿ'. ಇನ್ನೊಬ್ಬ ಕಪ್ಪು ನಟಿ ಆಸ್ಕರ್ ಮುಟ್ಟಲು 1991ರವರೆಗೆ ಕಾಯಬೇಕಾಯ್ತು. ಆಕೆ ವೂಪಿ ಗೋಲ್ಡ್‌ಬರ್ಗ್. ಮಧ್ಯೆ ಐವತ್ತೊಂದು ವರ್ಷ.

ಯಾಕೆ ಹೀಗಾಯ್ತು? ಕಪ್ಪು ಜನರಲ್ಲಿ ಸಿನಿಮಾ ಮಾಡುವವರೇ ಇರಲಿಲ್ವಾ? ಇದ್ದರು. ಮೂಕಿ ಚಿತ್ರಗಳ ಕಾಲದಿಂದಲೂ ಇದ್ದರು. ಅವರು ಮಾಡಿದ ಸಿನಿಮಾಗಳು ಏನಾದವು ಅನ್ನೋದೇ ಇವತ್ತಿನ ಪ್ರಶ್ನೆ.

ಅದಕ್ಕೆ 1915ಕ್ಕೆ ಹೋಗಬೇಕು. ಆ ವರ್ಷ ಡಿ. ಡಬ್ಲ್ಯು. ಗ್ರಿಫಿತ್ ಎಂಬ ನಿರ್ದೇಶಕ 'ದಿ ಬರ್ತ್ ಆಫ್ ಎ ನೇಷನ್' ಅನ್ನೋ ಚಿತ್ರ ತಂದ. ಸುಮಾರು ಮೂರು ಗಂಟೆಯ ಸಿನಿಮಾ. ಅಮೆರಿಕದ ಅಂತರ್ಯುದ್ಧ ಮತ್ತು ಗುಲಾಮಗಿರಿ ರದ್ದಾದ ನಂತರದ ದಿನಗಳ ಕಥೆ. ಮುಖ್ಯವಾದ ಕಪ್ಪು ಪಾತ್ರಗಳಲ್ಲಿ ಬಿಳಿ ನಟರೇ ಮುಖಕ್ಕೆ ಮಸಿ ಬಳಿದುಕೊಂಡು ನಿಂತರು. ಕಪ್ಪು ಗಂಡಸು ಅಂದರೆ ಬಿಳಿ ಹೆಣ್ಣಿನ ಮೇಲೆ ಬೀಳುವ ಮೃಗ, ಬಿಳಿ ಮುಸುಕು ಹಾಕಿ ಕುದುರೆ ಏರಿ ಬರುವ ಕು ಕ್ಲಕ್ಸ್ ಕ್ಲಾನ್ ಅಂದರೆ ಆಪದ್ಬಾಂಧವ. ಇದು ಆ ಚಿತ್ರದ ಸಾರಾಂಶ.

ಚಿತ್ರ ಕಲೆಯಾಗಿ ಕಳಪೆ ಆಗಿದ್ದರೆ ಮರೆತುಬಿಡಬಹುದಿತ್ತು. ಆಗಿರಲಿಲ್ಲ, ಅದೇ ತೊಂದರೆ. ಎರಡು ಕಡೆ ನಡೆಯುವ ಘಟನೆಗಳನ್ನು ಒಂದಾದ ಮೇಲೊಂದು ತೋರಿಸಿ ಪ್ರೇಕ್ಷಕನ ಎದೆ ಬಡಿತ ಏರಿಸುವ ಸಂಕಲನವನ್ನು ಗ್ರಿಫಿತ್ ಅದ್ಭುತವಾಗಿ ಬಳಸಿದ್ದ. ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಶ್ವೇತಭವನದಲ್ಲೇ ಪ್ರದರ್ಶನ ಆಯ್ತು. 1909ರಲ್ಲಿ ಹುಟ್ಟಿದ್ದ ಎನ್‌ಎಎಸಿಪಿ ಸಂಘಟನೆ ಊರೂರಲ್ಲಿ ಪ್ರತಿಭಟಿಸಿತು. ಆದರೆ ಚಿತ್ರ ಓಡ್ತಾನೇ ಇತ್ತು. ಎಂದೋ ಸತ್ತುಹೋಗಿದ್ದ ಕು ಕ್ಲಕ್ಸ್ ಕ್ಲಾನ್ ಅದೇ ವರ್ಷದ ನವೆಂಬರ್‌ನಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಗುಡ್ಡದ ಮೇಲೆ ಮತ್ತೆ ಹುಟ್ಟಿತು. ಮುಂದೆ ದಶಕಗಳ ಕಾಲ ಹೊಸ ಸದಸ್ಯರನ್ನು ಸೇರಿಸಲು ಅದು ಈ ಚಿತ್ರವನ್ನೇ ತೋರಿಸಿತು. ಪರದೆ ಮೇಲಿನ ಸುಳ್ಳು ಬೀದಿಗಿಳಿಯೋದು ಅಂದರೆ ಇದೇ.

ಈಗ ಉತ್ತರ ಕೊಟ್ಟವನ ಕಡೆ ಬರೋಣ. ಅವನ ಹೆಸರು ಆಸ್ಕರ್ ಮಿಶೋ. ಹೆಸರು ಆಸ್ಕರ್, ಪ್ರಶಸ್ತಿಗೂ ಇವನಿಗೂ ಸಂಬಂಧ ಇಲ್ಲ! 1884ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದವನು. ತಂದೆ ಗುಲಾಮನಾಗಿ ಹುಟ್ಟಿದ್ದವರು. ಮಿಶೋ ರೈಲಿನ ಬೋಗಿಗಳಲ್ಲಿ ಸೇವಕನಾಗಿ ದುಡಿದ, ಸೌತ್ ಡಕೋಟದಲ್ಲಿ ಜಮೀನು ಮಾಡಿದ, ಕಾದಂಬರಿ ಬರೆದು ತಾನೇ ಮನೆಮನೆಗೆ ಹೋಗಿ ಮಾರಿದ. ಒಂದು ಕಪ್ಪುವರ್ಣೀಯ ಚಿತ್ರ ಕಂಪನಿ ಅವನ ಕಾದಂಬರಿಯನ್ನು ಸಿನಿಮಾ ಮಾಡ್ತೀವಿ ಅಂತ ಮುಂದೆ ಬಂತು. ನಿರ್ದೇಶನ ನಂದೇ ಅಂದ. ಮಾತುಕತೆ ಮುರಿದುಬಿತ್ತು. ಸರಿ, ತಾನೇ ಷೇರು ಮಾರಿ ದುಡ್ಡು ಕೂಡಿಸಿ 1919ರಲ್ಲಿ ಮೊದಲ ಚಿತ್ರ ತೆಗೆದ.

ಮರುವರ್ಷ ಬಂದಿದ್ದು 'ವಿದಿನ್ ಅವರ್ ಗೇಟ್ಸ್'. ಸಿಲ್ವಿಯಾ ಎಂಬ ಕಪ್ಪು ಶಿಕ್ಷಕಿ ಬಡ ಮಕ್ಕಳ ಶಾಲೆ ಉಳಿಸಲು ಉತ್ತರದ ಊರಿಗೆ ಹಣ ಕೂಡಿಸಲು ಹೋಗ್ತಾಳೆ. ಕೊನೆಯಲ್ಲಿ ಅವಳ ಹಿಂದಿನ ಬದುಕು ಬಿಚ್ಚಿಕೊಳ್ಳುತ್ತೆ. ಅವಳ ಸಾಕುತಂದೆ ಒಬ್ಬ ಗೇಣಿದಾರ. ಓದು ಕಲಿತ ಮಗಳು ಲೆಕ್ಕ ಬರೆದುಕೊಡ್ತಾಳೆ, ಆತ ಅದನ್ನು ಹಿಡಿದು ಜಮೀನ್ದಾರನ ಹತ್ತಿರ ಹೋಗ್ತಾನೆ. ಅಷ್ಟರಲ್ಲಿ ಜಮೀನ್ದಾರನನ್ನು ಬೇರೊಬ್ಬ ಬಿಳಿಯ ಗುಂಡಿಟ್ಟು ಕೊಲ್ತಾನೆ. ಆರೋಪ ಬರೋದು ಲೆಕ್ಕ ಕೇಳಿದವನ ತಲೆ ಮೇಲೆ. ಗುಂಪು ಗಂಡ ಹೆಂಡತಿ ಇಬ್ಬರನ್ನೂ ನೇಣಿಗೆ ಹಾಕುತ್ತೆ. ಅದೇ ಹೊತ್ತಿಗೆ ಇನ್ನೊಂದು ಕಡೆ ಜಮೀನ್ದಾರನ ತಮ್ಮ ಸಿಲ್ವಿಯಾ ಮೇಲೆ ಬೀಳ್ತಾನೆ. ಅವಳ ಎದೆ ಮೇಲಿನ ಗಾಯದ ಗುರುತು ನೋಡಿ ತಟ್ಟನೆ ನಿಲ್ತಾನೆ. ಅವಳು ಅವನದೇ ಮಗಳು.

ಗಮನಿಸಿದ್ರಾ? ಗ್ರಿಫಿತ್‌ನ ಅದೇ ಸಂಕಲನ ತಂತ್ರ. ಒಂದು ಕಡೆ ನೇಣು, ಇನ್ನೊಂದು ಕಡೆ ಬಲಾತ್ಕಾರದ ಯತ್ನ. ಆದರೆ ಆರೋಪಿ ಬದಲಾಗಿದ್ದಾನೆ. ಹೆಣ್ಣಿನ ಮೇಲೆ ನಿಜವಾಗಿ ಕೈ ಹಾಕಿದವರು ಯಾರು, ಸುಳ್ಳು ಆರೋಪಕ್ಕೆ ಪ್ರಾಣ ಕೊಟ್ಟವರು ಯಾರು ಅಂತ ಮಿಶೋ ಪರದೆ ಮೇಲೇ ತೋರಿಸಿಬಿಟ್ಟ.

ಆಮೇಲೇನಾಯ್ತು? 1919ರ ಬೇಸಿಗೆಯಲ್ಲಿ ಷಿಕಾಗೋದ ಜನಾಂಗೀಯ ಗಲಭೆಯಲ್ಲಿ 38 ಜನ ಸತ್ತಿದ್ದರು. ಈ ಚಿತ್ರ ತೋರಿಸಿದರೆ ಮತ್ತೆ ಗಲಭೆ ಆಗುತ್ತೆ ಅಂತ ಅಲ್ಲಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ನೋಡಿ ವಿಚಿತ್ರ: ಬೆಂಕಿ ಹಚ್ಚಿದ ಚಿತ್ರ ಊರೂರಲ್ಲಿ ಓಡಿತು, ಬೆಂಕಿ ಯಾರು ಹಚ್ಚಿದ್ದು ಅಂತ ಹೇಳಿದ ಚಿತ್ರ ಶಾಂತಿಗೆ ಭಂಗ ಅನ್ನಿಸಿಕೊಂಡಿತು. ಕೊನೆಗೆ ಕತ್ತರಿ ಹಾಕಿ ಬಿಟ್ಟರು. ದೊಡ್ಡ ವಿತರಕರು ಯಾರೂ ಇಲ್ಲ. ಮಿಶೋ ತಾನೇ ಊರೂರು ಅಲೆದು ಕಪ್ಪು ಜನರ ಥಿಯೇಟರ್‌ಗಳಿಗೆ ಚಿತ್ರ ಒಪ್ಪಿಸಬೇಕಿತ್ತು. ಇದ್ದ ಕೆಲವೇ ಪ್ರತಿಗಳು ಓಡಿ ಓಡಿ ಸವೆದುಹೋದವು.

ಆತ ನಲವತ್ತಕ್ಕೂ ಹೆಚ್ಚು ಸಿನಿಮಾ ಮಾಡಿ 1951ರಲ್ಲಿ ತೀರಿಕೊಂಡ. ಮೂಕಿ ಕಾಲದ ಅವನ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಇವತ್ತು ಉಳಿದಿರೋದು ಎಷ್ಟು? ಮೂರು. ಅದರಲ್ಲೊಂದು ಸಿಕ್ಕಿದ್ದು ಬೆಲ್ಜಿಯಂನಲ್ಲಿ. 'ವಿದಿನ್ ಅವರ್ ಗೇಟ್ಸ್' ಅಂತೂ ಕಳೆದೇಹೋಯ್ತು ಅಂದುಕೊಂಡಿದ್ದಾಗ, 1970ರ ದಶಕದಲ್ಲಿ ಸ್ಪೇನ್‌ನ ಚಿತ್ರ ಸಂಗ್ರಹಾಲಯದಲ್ಲಿ 'ಲಾ ನೆಗ್ರಾ' ಎಂಬ ಹೆಸರಿನಲ್ಲಿ ಒಂದೇ ಒಂದು ಪ್ರತಿ ಸಿಕ್ಕಿತು. ಮೂಕಿ ಚಿತ್ರದ ನಡುವೆ ಬರುವ ಬರಹಗಳೆಲ್ಲ ಹೆಚ್ಚುಕಮ್ಮಿ ಸ್ಪ್ಯಾನಿಷ್‌ನಲ್ಲಿದ್ದವು. ಅವನ್ನು ಮತ್ತೆ ಇಂಗ್ಲಿಷ್‌ಗೆ ತಿರುಗಿಸಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಚಿತ್ರವನ್ನು ಸರಿಪಡಿಸಿತು. ಒಂದು ಭಾಗ ಇವತ್ತಿಗೂ ಸಿಕ್ಕಿಲ್ಲ. ತನ್ನ ದೇಶದ ಬಗ್ಗೆ ತನ್ನ ಭಾಷೆಯಲ್ಲಿ ಹೇಳಿದ ಮಾತು, ಪರಭಾಷೆಯಿಂದ ಅನುವಾದವಾಗಿ ತನ್ನ ದೇಶಕ್ಕೆ ವಾಪಸ್ ಬಂತು.

ಅಷ್ಟರಲ್ಲಿ ಈ ಇತಿಹಾಸವನ್ನು ಅಧ್ಯಯನ ಮಾಡುವವರೂ ಹುಟ್ಟಿಕೊಂಡಿದ್ದರು. 1973ರಲ್ಲಿ ಡೊನಾಲ್ಡ್ ಬೋಗಲ್ ತಮ್ಮ ಪುಸ್ತಕದಲ್ಲಿ ಹಾಲಿವುಡ್ ಕಪ್ಪು ಜನರನ್ನು ಐದೇ ಅಚ್ಚುಗಳಲ್ಲಿ ಎರಕ ಹೊಯ್ದಿದೆ ಅಂತ ತೋರಿಸಿದರು: ವಿಧೇಯ ಸೇವಕ, ಕೋಡಂಗಿ, ಮಿಶ್ರರಕ್ತದ ದುರಂತ ನಾಯಕಿ, ದಾದಿ, ರೊಚ್ಚಿಗೆದ್ದ ಗಂಡು. ಹ್ಯಾಟಿ ಮೆಕ್‌ಡೇನಿಯಲ್ ಅಭಿನಯಿಸಿದ್ದು ನಾಲ್ಕನೆಯ ಅಚ್ಚಿನಲ್ಲಿ. ಪರ್ಲ್ ಬೌಸರ್ ಅವರಂಥವರು ಮಿಶೋನ ಬದುಕು, ಚಿತ್ರಗಳ ಜಾಡು ಹಿಡಿದು ದಶಕಗಳ ಕಾಲ ದುಡಿದರು. ಇವರು ಹುಡುಕದೇ ಇದ್ದಿದ್ದರೆ, ಕಪ್ಪು ಜನರಿಗೆ ಹೇಳಲು ಏನೂ ಇರಲಿಲ್ಲ ಅಂತಲೇ ನಾವು ನಂಬಿಕೊಂಡಿರ್ತಿದ್ವಿ.

1992ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಗ್ರಿಫಿತ್‌ನ ಚಿತ್ರವನ್ನೂ ಸೇರಿಸಿತು, ಮಿಶೋನ ಚಿತ್ರವನ್ನೂ ಸೇರಿಸಿತು. ಒಂದೇ ವರ್ಷ, ಎರಡೂ. ಆರೋಪ ಮತ್ತು ಉತ್ತರ ಅಕ್ಕಪಕ್ಕ ಕೂರೋದಕ್ಕೆ ಎಪ್ಪತ್ತೆರಡು ವರ್ಷ ಬೇಕಾಯ್ತು.

ಇದನ್ನೆಲ್ಲ ನಾನು ಯಾಕೆ ಹೇಳ್ತಿದ್ದೀನಿ? ಕೆಲವು ವರ್ಷಗಳ ಹಿಂದೆ ಒಂದು ಕಳ್ಳತನದ ಪ್ರಕರಣದಲ್ಲಿ ಒಬ್ಬ ಹುಡುಗನನ್ನು ಹಿಡಿದ ದೃಶ್ಯವನ್ನು ನನ್ನ ಕಾರ್ಯಕ್ರಮದಲ್ಲಿ ಇಡೀ ಸಂಜೆ ತಿರುಗಿಸಿ ತಿರುಗಿಸಿ ತೋರಿಸಿದೆ. ಬಡ ಕಾಲೋನಿಯ ಹುಡುಗ. ನೋಡಿದ ಕೂಡಲೇ ಇವನೇ ಅನ್ನಿಸುವಂತೆ ದೃಶ್ಯ ಕತ್ತರಿಸಿ ಜೋಡಿಸಿದ್ವಿ. ಆಮೇಲೆ ಅವನದೇನೂ ತಪ್ಪಿಲ್ಲ ಅಂತ ಗೊತ್ತಾಯ್ತು. ಆವತ್ತು ಪರದೆ ಕೆಳಗೆ ಒಂದು ಸಾಲು ಓಡಿಸಿದ್ವಿ. ಅಷ್ಟೇ. ಆರೋಪದ ದೃಶ್ಯ ಇವತ್ತಿಗೂ ನಮ್ಮ ಸಂಗ್ರಹದಲ್ಲಿ ಭದ್ರವಾಗಿದೆ. ಆ ಹುಡುಗನ ಮಾತನ್ನು ನಾವು ಚಿತ್ರೀಕರಿಸಲೇ ಇಲ್ಲ.

ಯಾವ ಸ್ಪೇನ್‌ನಲ್ಲಿ ಹುಡುಕಿದರೂ ಅದು ಸಿಗೋದಿಲ್ಲ.